ವಾಲಿದ ಐದು

ಮೂರನೇ ಸಲವೂ ನಾಣ್ಯ ಒಂಬತ್ತು ಎಂದೇ ಬರೆಸಿಕೊಂಡು ವಾಪಸು ಬಂತು. ಅಂಚೆಯಲ್ಲಿ ಬಂದ ರಟ್ಟಿನ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಚಾಕುವಿನಿಂದ ಸೀಳಿ, ಒಳಗಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಾಣ್ಯದ ಮೇಲ್ಗಡೆಯ ಚೀಟಿಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಅರ್ಧ ಡಾಲರ್, ರೈಫ್‌ಸ್ನೈಡರ್ ಒಂಬತ್ತು. ಒಂಬತ್ತಂತೆ ಒಂಬತ್ತು. ಇವರ ಕಣ್ಣಿಗೆ ಮಣ್ಣು ಬೀಳಲಿ ಎಂದು ಬಾಯಿಬಿಟ್ಟೇ ಅಂದೆ. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ, ಇದ್ದಿದ್ದರೂ ಅನ್ನುತ್ತಿದ್ದೆ.

ರೈಫ್‌ಸ್ನೈಡರ್ ಎಂದರೆ ನನ್ನ ಗಂಡ ಕ್ಲೈಡ್. ನಾನು ಆರ್ಲೀನ್. ರೆಡಿಂಗ್ ಊರಿನ ಕಾಲುಚೀಲದ ಯಂತ್ರಗಳ ಕಾರ್ಖಾನೆಯಲ್ಲಿ ಅವನು ಮೂವತ್ತೆರಡು ವರ್ಷ ಲೇತು ತಿರುಗಿಸಿದ. ಮನೆಗೆ ಬಂದು ಕೈ ತೊಳೆದವನೇ ಭೂತಗನ್ನಡಿ ಹಿಡಿದು ಹಳೇ ಅರ್ಧ ಡಾಲರ್ ನೋಡುತ್ತ ಕೂರುತ್ತಿದ್ದ. ಅದೂ ಒಂದೇ ಒಂದು ವರ್ಷದ್ದು. ಯಾವ ವರ್ಷ ಎಂದು ತಿಳಿದು ನಿಮಗೇನೂ ಆಗಬೇಕಾದ್ದಿಲ್ಲ, ಇನ್ನೂರು ವರ್ಷದ ಹತ್ತಿರದ್ದು ಎಂದರೆ ಸಾಕು. ಆಗ ಟಂಕಸಾಲೆಯಲ್ಲಿ ಅಚ್ಚಿನ ಮೇಲೆ ಅಂಕಿ, ಅಕ್ಷರ, ನಕ್ಷತ್ರ ಒಂದೊಂದನ್ನೂ ಒಬ್ಬ ಮನುಷ್ಯ ಸುತ್ತಿಗೆಯಿಂದ ಹೊಡೆದು ಕೂರಿಸುತ್ತಿದ್ದ. ಮನುಷ್ಯನ ಕೈ, ಒಂದರ ಹಾಗೆ ಇನ್ನೊಂದು ಆಗುವುದಿಲ್ಲ. ಮುಂಭಾಗಕ್ಕೆ ಒಂದು ಅಚ್ಚು, ಹಿಂಭಾಗಕ್ಕೆ ಒಂದು, ಎರಡೂ ಸೇರಿದರೆ ಒಂದು ಜೋಡಿ. ಆ ವರ್ಷಕ್ಕೆ ಅಂಥ ಹದಿನಾರು ಜೋಡಿ ಇವೆ ಎಂದು ಪತ್ತೆ ಹಚ್ಚಿ, ನಂಬರು ಕೊಟ್ಟು, ೧೯೮೭ರಲ್ಲಿ ಪುಸ್ತಕ ಬರೆದವನು ಕ್ಲೈಡ್. ಮುನ್ನೂರು ಪ್ರತಿ ಅಚ್ಚಾದವು. ಆ ಹದಿನಾರಕ್ಕೆ ಇವತ್ತಿಗೂ ಅವನ ಹೆಸರೇ.

ಪುಸ್ತಕ ಬರೆದವನ ಹತ್ತಿರವೇ ಹದಿನೈದು ಜೋಡಿಯ ನಾಣ್ಯ ಇದ್ದವು, ಹದಿನಾರನೆಯದು ಇರಲಿಲ್ಲ. ಹತ್ತನೇ ನಂಬರಿನದು. ಪುಸ್ತಕದ ಚಿತ್ರಕ್ಕಾಗಿ ಅದನ್ನು ಮೇರಿಲ್ಯಾಂಡಿನ ಒಬ್ಬರಿಂದ ಎರವಲು ತಂದು, ಫೋಟೋ ತೆಗೆದು, ಕಣ್ಣಲ್ಲಿ ನೀರಿಟ್ಟುಕೊಂಡೇ ಹಿಂದಿರುಗಿಸಿದ್ದ. ಆಮೇಲೆ ಇಪ್ಪತ್ತೈದು ವರ್ಷ ಹುಡುಕಿದ. ಕೊನೆಗೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಡೆಯುವ ನಾಣ್ಯ ಮೇಳದಲ್ಲಿ, ಒಬ್ಬ ವ್ಯಾಪಾರಿಯ ಚಿಲ್ಲರೆ ಡಬ್ಬಿಯೊಳಗೆ, ಸಿಕ್ಕಿತು. ಆಗಲೇ ಅವನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು, ಕಣ್ಣೂ ಮಂಜಾಗಿತ್ತು. ನಾಣ್ಯದ ಹಿಂಬದಿಯಲ್ಲಿ ಹದ್ದು ಇರುತ್ತದೆ, ಅದರ ಕೆಳಗೆ ಐವತ್ತು ಸೆಂಟ್ ಎಂದು. ಒಂಬತ್ತಕ್ಕೂ ಹತ್ತಕ್ಕೂ ಮುಂಭಾಗದ ಅಚ್ಚು ಒಂದೇ. ವ್ಯತ್ಯಾಸವೆಲ್ಲ ಹಿಂಬದಿಯಲ್ಲಿ: ಒಂಬತ್ತರಲ್ಲಿ ಆ ಐವತ್ತರ ಐದು ನೆಟ್ಟಗೆ ನಿಂತಿರುತ್ತದೆ, ಹತ್ತರಲ್ಲಿ ಎಡಕ್ಕೆ ವಾಲಿರುತ್ತದೆ. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಆರ್ಲೀನ್, ಐದು ವಾಲಿದ್ಯಾ ನೋಡೇ" ಎಂದ. ವಾಲಿದೆ ಎಂದೆ. "ಸರಿಯಾಗಿ ನೋಡು" ಎಂದ. ಕುಡಿದವನ ಹಾಗೆ ವಾಲಿದೆ ಕಣೋ ಎಂದೆ. ಅವನು ಅಲ್ಲೇ ಮಡಿಸುವ ಕುರ್ಚಿಯ ಮೇಲೆ ಕುಳಿತುಬಿಟ್ಟ.

ನಾಲ್ಕು ತಿಂಗಳಿಗೆ ತೀರಿಕೊಂಡ. ಅದಕ್ಕೆ ಮುಂಚೆ ಒಂದು ಮಾತು ತೆಗೆದುಕೊಂಡಿದ್ದ. ನಾಣ್ಯಗಳಿಗೆ ದರ್ಜೆ ಕೊಟ್ಟು, ನಂಬರು ಗುರುತಿಸಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುವ ಕಂಪನಿಯೊಂದು ಒಹಾಯೋದಲ್ಲಿದೆ. ಯಾರ ಬಳಿ ಯಾವ ಸರಣಿ ಎಷ್ಟು ತುಂಬಿದೆ ಎಂಬ ಪಟ್ಟಿಯನ್ನೂ ಅವರು ಇಟ್ಟಿದ್ದಾರೆ. ನಾಣ್ಯ ಕೂಡಿಡುವ ನಮ್ಮ ಜನಕ್ಕೆ ಆ ಪಟ್ಟಿ ಎಂದರೆ ವೇದವಾಕ್ಯ. ಅದರಲ್ಲಿ ಕ್ಲೈಡ್‌ನ ಹೆಸರಿನ ಮುಂದೆ ಹದಿನಾರಕ್ಕೆ ಹದಿನೈದು ಎಂದಿತ್ತು. "ಅದನ್ನ ಹದಿನಾರು ಮಾಡಿಸಿಬಿಡು, ಇನ್ನೇನೂ ಬೇಡ ನಂಗೆ" ಎಂದಿದ್ದ. ಅಷ್ಟೇ ಅವನು ಕೇಳಿದ್ದು. ಇದೇನು ಮಹಾ, ಒಂದು ಫಾರಂ ತುಂಬಿ ಕಳಿಸಿದರೆ ಆಯಿತು ಎಂದು ನಾನು ಒಪ್ಪಿಕೊಂಡಿದ್ದೆ.

ಮೊದಲ ಸಲ ಒಂಬತ್ತು ಎಂದು ಬಂದಾಗ, ಪಾಪ, ಯಾರೋ ನಿದ್ದೆಗಣ್ಣಲ್ಲಿ ನೋಡಿರಬೇಕು ಎಂದುಕೊಂಡೆ. ಎರಡನೇ ಸಲ ಕಳಿಸುವಾಗ ಕಾಗದವನ್ನೂ ಇಟ್ಟೆ. ಐದು ವಾಲಿದೆ, ಪುಸ್ತಕದ ಮಾತುಗಳು ಇಂತಿಂಥವು ಎಂದು ಬಾಯಿಪಾಠದಿಂದಲೇ ಬರೆದೆ, ಏಕೆಂದರೆ ಪುಸ್ತಕ ಟೈಪು ಮಾಡಿದವಳು ನಾನೇ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಮರುಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ. ಮೂರನೇ ಸಲ ಮೂರು ಪುಟದ ಕಾಗದ ಇಟ್ಟೆ. ಅದರಲ್ಲಿ ಒಂದೆರಡು ಮಾತು ನಮ್ಮ ಚರ್ಚಿನ ಪಾದ್ರಿ ಓದಬಾರದಂಥವು. ಉತ್ತರ ಅದೇ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಕಿವಿಯನ್ನಾದರೂ ಅಲ್ಲಾಡಿಸುತ್ತದೆ, ಇವರು ಅದೂ ಇಲ್ಲ.

ಇನ್ನೂ ಹೊಟ್ಟೆ ಉರಿಸಿದ ಸಂಗತಿ ಬೇರೆ ಇತ್ತು. ಕ್ಲೈಡ್‌ನ ನಿಜವಾದ ಒಂಬತ್ತನ್ನು ಹನ್ನೊಂದು ವರ್ಷದ ಹಿಂದೆ ಇದೇ ಕಂಪನಿಯೇ ಸರಿಯಾಗಿ ಒಂಬತ್ತು ಎಂದು ಗುರುತಿಸಿ ಕೊಟ್ಟಿತ್ತು. ಆಗ ಅಲ್ಲಿ ಮಿಲ್ಟನ್ ಪ್ರಸ್ ಎಂಬ ವಯಸ್ಸಾದವರಿದ್ದರು, ಕ್ಲೈಡ್‌ಗೆ ಪರಿಚಯ, ಅಚ್ಚುಗಳನ್ನು ಅರೆದು ಕುಡಿದವರು. ಈಗ ಮೇಜಿನ ಮೇಲೆ ಎರಡು ಪೆಟ್ಟಿಗೆ. ಒಂದರಲ್ಲಿ ಐದು ನೆಟ್ಟಗೆ, ಇನ್ನೊಂದರಲ್ಲಿ ಐದು ವಾಲಿದೆ. ಎರಡರ ಮೇಲೂ ಒಂಬತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಫೋನು ಮಾಡಿದೆ. ನಲವತ್ತು ನಿಮಿಷ ಹಾಡು ಕೇಳಿಸಿದರು. ಆಮೇಲೆ ಒಂದು ಹುಡುಗಿ, ಆಮೇಲೆ ಇನ್ನೊಂದು ಹುಡುಗಿ, ಆಮೇಲೆ ಮತ್ತೆ ಹಾಡು. ಕೊನೆಗೆ ಅಚ್ಚು ಗುರುತಿಸುವ ವಿಭಾಗದವನು, ಟ್ರೆವರ್ ಎಂದು, ಸಿಕ್ಕಿದ. ಒಳ್ಳೆಯ ಹುಡುಗ, ಅದನ್ನು ಹೇಳಲೇಬೇಕು. ನಾನು ಎಗರಾಡುವಷ್ಟು ಹೊತ್ತೂ ಸುಮ್ಮನೆ ಕೇಳಿಸಿಕೊಂಡ. ನಾಣ್ಯದ ಫೋಟೋ ತೆರೆದು ನೋಡಿದ. ಹೌದು ಮೇಡಂ, ಐದು ವಾಲಿದೆ ಎಂದ. ನನಗೆ ಉಸಿರು ಬಂತು. ಹಾಗಾದರೆ ಹತ್ತು ತಾನೇ ಎಂದೆ.

"ಇಲ್ಲ ಮೇಡಂ, ಅದಕ್ಕೇ ಒಂಬತ್ತು. ಎಂಬತ್ತನಾಲ್ಕನೇ ಪುಟದಲ್ಲಿ ಒಂಬತ್ತರ ಚಿತ್ರ ಇದೆಯಲ್ಲ, ಅದರಲ್ಲಿ ಐದು ವಾಲಿದೆ. ಬರೆದಿರೋದು ಬೇರೆ ಥರ ಇದೆ, ನಿಜ. ಮಾತಿಗೂ ಚಿತ್ರಕ್ಕೂ ಜಗಳ ಬಂದ್ರೆ ನಾವು ಚಿತ್ರ ನೋಡ್ತೀವಿ. ಬರೆಯೋವಾಗ ಯಾರಾದ್ರೂ ತಪ್ತಾರೆ, ಫೋಟೋ ತಪ್ಪಲ್ಲ."

ಅವನ ಮುಂದೆ ಯಾವ ಪುಸ್ತಕ ಇದೆ ಎಂದು ಕೇಳಿದೆ. ನೀವೇ ಕಳಿಸಿದ್ದು ಮೇಡಂ ಎಂದ. ನಿಜ. ಮಿಲ್ಟನ್ ನಿವೃತ್ತರಾದಾಗ ತಮ್ಮ ಸ್ವಂತ ಪ್ರತಿಯನ್ನು ಮನೆಗೆ ಒಯ್ದಿದ್ದರು. ಕಂಪನಿಯವರು ಇನ್ನೊಂದು ಬೇಕೆಂದು ಬರೆದಾಗ ಕ್ಲೈಡ್ ಆಸ್ಪತ್ರೆಯಲ್ಲಿದ್ದ. ಮುಂಬಾಗಿಲ ಕೋಣೆಯ ಶೆಲ್ಫಿನಲ್ಲಿ ನಮ್ಮ ಮನೆಯ ಎರಡು ಪ್ರತಿ ಇದ್ದವು. ಅದರಲ್ಲೊಂದನ್ನು ನಾನೇ ತೆಗೆದು, ಧೂಳು ಒರೆಸಿ, ಬಿಟ್ಟಿಯಾಗಿ ಅಂಚೆಗೆ ಹಾಕಿದ್ದೆ. ಅವರಿಗೆ ಉಪಕಾರ ಮಾಡಿದೆ ಎಂದು ಬೀಗಿಯೂ ಇದ್ದೆ.

ಆಮೇಲೆ ಟ್ರೆವರ್ ನನಗೆ ಸಹಾಯ ಮಾಡಲು ಹೊರಟ. "ನಿಮ್ಮ ಹಳೇ ಒಂಬತ್ತನ್ನ ಕಳಿಸಿ ಮೇಡಂ. ಚಿತ್ರದ ಪ್ರಕಾರ ಅದು ಹತ್ತು. ನಮ್ಮವರೇ ಹಿಂದೆ ತಪ್ಪು ಗುರುತಿಸಿದ್ದು, ಬಿಟ್ಟಿ ಸರಿಮಾಡಿ ಕೊಡ್ತೀವಿ. ನಿಮ್ಮ ಯಜಮಾನರ ಸರಣಿ ಒಂದೇ ವಾರದಲ್ಲಿ ಪೂರ್ತಿ ಆಗುತ್ತೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಲೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟು ಶೆಲ್ಫಿನ ಹತ್ತಿರ ಹೋದೆ. ಆ ಹುಡುಗನ ಪ್ರತಿಯಲ್ಲಿ ಏನೋ ಎಡವಟ್ಟಿರಬೇಕು ಎಂದೇ ನನ್ನ ನಂಬಿಕೆ. ನನ್ನ ಪ್ರತಿಯ ಎಂಬತ್ತನಾಲ್ಕನೇ ಪುಟ ತೆರೆದೆ.

ಒಂಬತ್ತರ ವಿವರದ ಕೆಳಗೆ ವಾಲಿದ ಐದು. ಪಕ್ಕದ ಪುಟದಲ್ಲಿ, ಹತ್ತರ ಕೆಳಗೆ, ನೆಟ್ಟಗಿನ ಐದು.

ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದು ಮತ್ತೆ ನೋಡಿದೆ. ಮುದ್ರಣಕ್ಕೆ ಕೊಡುವ ಪುಟಗಳ ಮೇಲೆ ಆ ಚಿತ್ರಗಳನ್ನು ಅಂಟಿಸಿದವಳು ನಾನು. ಚರ್ಚಿನ ಮಾಸಪತ್ರಿಕೆಯ ಪುಟಗಳನ್ನು ಹನ್ನೆರಡು ವರ್ಷ ಕತ್ತರಿಸಿ ಅಂಟಿಸಿದ ಕೈ ನನ್ನದು, ಒಂದು ಕೂದಲೆಳೆ ಸೊಟ್ಟ ಹೋದದ್ದಿಲ್ಲ ಎಂದು ಕೌಂಟಿಯೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕ್ಲೈಡ್ ಪ್ರತಿ ಫೋಟೋದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆದು ಕೊಡುತ್ತಿದ್ದ, ನಾನು ಗೋಂದು ಹಚ್ಚಿ ಕೂರಿಸುತ್ತಿದ್ದೆ. ಆ ವಾರ ನನ್ನಮ್ಮ ತೀರಿಕೊಂಡಿದ್ದಳು. ಗುರುವಾರ ಮಣ್ಣು ಮಾಡಿ ಬಂದೆವು. ಮುದ್ರಣದವನಿಗೆ ಶುಕ್ರವಾರ ಪುಟ ಕೊಡಬೇಕಿತ್ತು. ನಾಳೆ ನೋಡೋಣ ಬಿಡು ಎಂದು ಕ್ಲೈಡ್ ಎಷ್ಟು ಹೇಳಿದರೂ ಕೇಳದೆ, ಕಪ್ಪು ಉಡುಪನ್ನೂ ಬದಲಿಸದೆ, ಉಳಿದ ಎಂಟು ಪುಟ ಕೂತು ಮುಗಿಸಿದ್ದೆ. ಅಚ್ಚಾಗಿ ಬಂದ ಮೇಲೆ ಆ ಪುಸ್ತಕವನ್ನು ತೆರೆದೇ ಇರಲಿಲ್ಲ. ಬಾಯಿಪಾಠ ಬರುವುದನ್ನು ಯಾರು ತೆರೆದು ನೋಡುತ್ತಾರೆ?

ಹದಿನಾಲ್ಕು ತಿಂಗಳು ನಾನು ಬೈದದ್ದೆಲ್ಲ ಯಾರ ಮೇಲೆ ಬಿತ್ತು ನೋಡಿ.

ಮರುದಿನ ಮತ್ತೆ ಟ್ರೆವರ್‌ಗೆ ಫೋನು ಮಾಡಿ, ಪುಸ್ತಕವೇ ತಪ್ಪು, ಚಿತ್ರಗಳು ಅದಲುಬದಲಾಗಿವೆ, ಅಂಟಿಸಿದ ನಾನೇ ಹೇಳುತ್ತಿದ್ದೇನೆ ಎಂದೆ. ಅವನಿಗೆ ನಿಜಕ್ಕೂ ಬೇಜಾರಾಯಿತು. ಆದರೆ ಬಾಯಿಮಾತಿನ ಮೇಲೆ ಬದಲಿಸುವ ಹಾಗಿಲ್ಲವಂತೆ. ಲೇಖಕರೇ ಹೇಳಬೇಕಂತೆ. ಲೇಖಕ ಸ್ಮಶಾನದಲ್ಲಿದ್ದಾನೆ, ನಂಬರು ಕೊಡಲೇ ಎಂದು ಕೇಳಿದೆ. ಕ್ಷಮಿಸಿ ಮೇಡಂ, ಅವರು ಬರೆದು ಸಹಿ ಮಾಡಿದ್ದೇನಾದರೂ ಇದ್ದರೆ, ಇಲ್ಲವೇ ಎಲ್ಲಾದರೂ ಅಚ್ಚಾದ ತಿದ್ದುಪಡಿ ಇದ್ದರೆ ಸಾಕು ಎಂದ. ಇಲ್ಲದಿದ್ದರೆ ಹಳೆಯ ಒಂಬತ್ತನ್ನು ಕಳಿಸುವ ದಾರಿ ಇದ್ದೇ ಇದೆ ಎಂದೂ ನೆನಪಿಸಿದ.

ಸುಳ್ಳೇಕೆ ಹೇಳಲಿ, ಎರಡು ದಿನ ನನ್ನ ಮನಸ್ಸು ಆ ದಾರಿಯಲ್ಲೇ ಓಡಾಡಿತು. ಒಂದು ಡಬ್ಬಿ ಕಳಿಸಿದರೆ ಮುಗಿಯಿತು. ಪಟ್ಟಿಯಲ್ಲಿ ಹದಿನಾರಕ್ಕೆ ಹದಿನಾರು. ನನ್ನ ಕೈಯ ಮಾನವೂ ಉಳಿಯುತ್ತದೆ. ಆದರೆ ಅವನು ಆಮ್ಲಜನಕದ ಸಿಲಿಂಡರು ಎಳೆದುಕೊಂಡು ಹೋಗಿ ಹುಡುಕಿದ ನಾಣ್ಯದ ಮೇಲೆ ಒಂಬತ್ತು ಎಂದೇ ಇರುತ್ತದೆ, ಅವನು ಎಂದೋ ಕೊಂಡ ಮಾಮೂಲಿ ನಾಣ್ಯ ಹತ್ತಾಗುತ್ತದೆ. "ಸರಿಯಾಗಿ ನೋಡು" ಎಂದಿದ್ದನಲ್ಲ. ಸರಿಯಾಗಿ ನೋಡಿದವಳು ನಾನೊಬ್ಬಳೇ.

ಹಾಗಾಗಿ ಶನಿವಾರ ಬೆಳಗ್ಗೆ ಲಮಾರ್ ಡೀಟ್ರಿಚ್‌ನನ್ನು ಹೋಟೆಲಿನಲ್ಲಿ ಹಿಡಿದೆ. ಲಮಾರ್ ನಮ್ಮ ಬೀದಿಯ ಅಂಚೆಯವನಾಗಿದ್ದ, ಈಗ ನಿವೃತ್ತ. ನಾಣ್ಯ ಕ್ಲಬ್ಬಿನ ತ್ರೈಮಾಸಿಕ ಪತ್ರಿಕೆಗೆ ಅವನೇ ಸಂಪಾದಕ. ನಲವತ್ತು ವರ್ಷದ ಸ್ನೇಹ, ಆದರೂ ಅವನು ಹಂದಿಮಾಂಸದ ಸ್ಕ್ರ್ಯಾಪಲ್ ಮೇಲೆ ಕೆಚಪ್ ಸುರಿಯುವುದನ್ನು ನೋಡಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಎದುರು ಕುಳಿತು ಎಲ್ಲ ಹೇಳಿದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕು, ತಪ್ಪು ಅಂಟಿಸಿದವಳದು ಎಂದು ನನ್ನ ಹೆಸರು ಹಾಕಿಯೇ ಬರೆ ಎಂದೆ.

ಅವನು ತಲೆಯೆತ್ತಲಿಲ್ಲ. ತಟ್ಟೆಯಲ್ಲಿದ್ದುದನ್ನು ಸುಮ್ಮನೆ ತುಂಡು ತುಂಡು ಮಾಡುತ್ತ ಕುಳಿತ. ಆ ಹುಡುಗ ಹೇಳಿದ ಹಾಗೆ ಹಳೆಯದನ್ನೇ ಕಳಿಸಬಾರದೇ, ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಕೆದಕಿ ಏನು ಬಂತು ಎಂದ. ಕೂದಲೆಳೆಯಷ್ಟು ತಪ್ಪಾದರೂ ಭೂತಗನ್ನಡಿ ಹಿಡಿದು ಕುಣಿಯುವ ಮನುಷ್ಯ ಇವನು. ಕಳೆದ ವರ್ಷ ಅಲ್ಪವಿರಾಮ ಬಿಟ್ಟುಹೋಯಿತೆಂದು ಕ್ಷಮಾಪಣೆ ಅಚ್ಚು ಹಾಕಿದವನು. ನನಗೆ ಏನೋ ಹೊಳೆಯಿತು.

"ಲಮಾರ್, ನಿಂಗೆ ಗೊತ್ತಿತ್ತಾ?"

ಅವನು ಒಂದು ಗುಟುಕು ಕಾಫಿ ಕುಡಿದ, ಎದ್ದು ಕಾರಿಗೆ ಹೋದ. ಬರುವಾಗ ಕೈಯಲ್ಲಿ ಕ್ಲೈಡ್‌ನ ಪುಸ್ತಕದ ಅವನ ಸ್ವಂತ ಪ್ರತಿ ಇತ್ತು, ಮೇಳಗಳಿಗೆ ಒಯ್ಯಲೆಂದು ಕಾರಿನಲ್ಲೇ ಇಟ್ಟಿರುತ್ತಾನೆ. ಎಂಬತ್ತನಾಲ್ಕನೇ ಪುಟದಲ್ಲಿ ಒಂದು ಚೀಟಿ, ಹಳದಿಯಾಗಿದೆ. ಕ್ಲೈಡ್‌ನ ಅಕ್ಷರ. ಲೋಹದಲ್ಲಿ ಕೊರೆದ ಹಾಗೆ ಚೌಕ ಚೌಕ.

'೮೪ ಮತ್ತು ೮೫ನೇ ಪುಟದ ಹಿಂಬದಿಯ ಚಿತ್ರಗಳು ಅದಲುಬದಲಾಗಿವೆ. ಅಂಟಿಸುವಾಗ ನನ್ನ ಕೈತಪ್ಪಾಯಿತು. ದಯವಿಟ್ಟು ಸರಿಪಡಿಸಿಕೊಳ್ಳಿ. ಕ್ಲೈಡ್ ರೈಫ್‌ಸ್ನೈಡರ್, ಮಾರ್ಚ್ ೧೯೮೮.'

ಅಂಟಿಸುವಾಗ ನನ್ನ ಕೈತಪ್ಪು! ಗೋಂದಿನ ಬಾಟಲಿಯ ಮುಚ್ಚಳ ತೆಗೆಯಲು ನನ್ನನ್ನು ಕರೆಯುತ್ತಿದ್ದ ಮನುಷ್ಯ.

ಲಮಾರ್ ಒಂದೊಂದಾಗಿ ಹೇಳಿದ. ಪುಸ್ತಕ ಕೊಂಡ ಮೊದಲ ಕೆಲವರಲ್ಲೇ ಯಾರೋ ಬರೆದು ತಿಳಿಸಿದ್ದರಂತೆ. ಕ್ಲೈಡ್ ನೆಲಮಾಳಿಗೆಯಲ್ಲಿ ಕುಳಿತು, ಮಾರಿದ ಪ್ರತಿಗಳಿಗೆಲ್ಲ ಚೀಟಿ ಬರೆದು ಅಂಚೆಗೆ ಹಾಕಿದನಂತೆ. ಮಾರದೆ ಉಳಿದವುಗಳೊಳಗೂ ಇಟ್ಟನಂತೆ. ಮುನ್ನೂರಕ್ಕೆ ಎರಡು ಕಡಿಮೆ, ಎಲ್ಲವೂ ಕೈಬರಹ. ಮಿಲ್ಟನ್‌ರ ಪ್ರತಿಯಲ್ಲೂ ಇತ್ತು, ಅದಕ್ಕೇ ಅವರು ಸರಿಯಾಗಿ ಗುರುತಿಸಿದ್ದು. ಚೀಟಿ ಇಲ್ಲದ ಎರಡೇ ಪ್ರತಿ ನನ್ನ ಕಣ್ಣಿಗೆ ಬೀಳುವ ಜಾಗದಲ್ಲಿದ್ದವು, ಮುಂಬಾಗಿಲ ಕೋಣೆಯ ಶೆಲ್ಫಿನಲ್ಲಿ. ಒಂದು ನನ್ನದು. ಇನ್ನೊಂದನ್ನು ಧೂಳು ಒರೆಸಿ ಕಂಪನಿಗೆ ಕಳಿಸಿದವಳು ನಾನು.

"ಆ ಕಾಗದಗಳನ್ನೆಲ್ಲ ನಾನೇ ಒಯ್ದಿದ್ದು ಆರ್ಲೀನ್. ನಿನ್ನ ಕಣ್ಣಿಗೆ ಬೀಳಬಾರದು ಅಂತ ಕ್ಲೈಡ್ ಬೀದಿ ಕೊನೇಲಿ ಕಾಯ್ತಾ ನಿಂತಿರ್ತಿದ್ದ. ಅಮ್ಮನ್ನ ಮಣ್ಣು ಮಾಡಿ ಬಂದ ದಿನ ಅಂಟಿಸಿದ್ದಾಳೆ, ಅವಳ ಮುಂದೆ ಯಾರಾದ್ರೂ ಬಾಯಿಬಿಟ್ರೆ ಮತ್ತೆ ಕ್ಲಬ್ಬಿಗೆ ಕಾಲಿಡಲ್ಲ ಅಂದ. ನಾವ್ಯಾರೂ ಬಾಯಿಬಿಡಲಿಲ್ಲ."

ಅಂದರೆ ಇಪ್ಪತ್ತೈದು ವರ್ಷ, ಕ್ಲಬ್ಬಿನ ಪ್ರತಿ ಕ್ರಿಸ್‌ಮಸ್ ಊಟದಲ್ಲಿ, ನಾನು ಮಾಡಿದ ಕಾಕಂಬಿಯ ಶೂಫ್ಲೈ ಪೈ ತಿನ್ನುತ್ತ, ಆರ್ಲೀನ್‌ಳ ಕೈ ತಪ್ಪುವುದುಂಟೇ ಎಂದು ಅವರು ಹೊಗಳಿದ್ದೆಲ್ಲ ಗೊತ್ತಿದ್ದೇ. ಊರಿಗೆಲ್ಲ ಗೊತ್ತು, ಮಾಡಿದವಳಿಗೆ ಗೊತ್ತಿಲ್ಲ. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಕೈಯಲ್ಲಿದ್ದ ಫೋರ್ಕನ್ನು ಕುಕ್ಕಿದ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿದರು.

"ಹೇಳಿದ್ರೆ ಎರಡು ದಿನ ಅಳ್ತಿದ್ದೆ ಕಣೋ. ಮೂರನೇ ದಿನ ಮುನ್ನೂರು ಚೀಟಿ ನಾನೇ ಅಂಟಿಸ್ತಿದ್ದೆ, ಶೆಲ್ಫಿನ ಎರಡಕ್ಕೂ ಸೇರಿಸಿ. ಅವನು ಕೇಳಿದ್ದು ಒಂದೇ ಒಂದು ಕೆಲಸ. ಅದು ಹದಿನಾಲ್ಕು ತಿಂಗಳು ಆಗದ ಹಾಗೆ ಮಾಡಿಟ್ಟು ಹೋದವನೂ ಅವನೇ."

ಲಮಾರ್ ಚೀಟಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ಕಂಪನಿಗೆ ಬೇಕಾದದ್ದು ಅದೇ ಅಲ್ಲವೇ: ಲೇಖಕನೇ ಬರೆದದ್ದು, ಸಹಿ ಮಾಡಿದ್ದು.

ಅದನ್ನೇ ಆಧಾರ ಮಾಡಿ ಕಳಿಸಿದೆ, ಬೇರೆ ದಾರಿ ಏನಿತ್ತು? ನಾಣ್ಯದ ಜೊತೆ ಆ ಚೀಟಿಯ ನೆರಳಚ್ಚು ತೆಗೆಸಿ ಇಟ್ಟೆ. ಮೂರೇ ವಾರದಲ್ಲಿ ಡಬ್ಬಿ ವಾಪಸು ಬಂತು. ರೈಫ್‌ಸ್ನೈಡರ್ ಹತ್ತು. ಒಳಗೆ ಟ್ರೆವರ್‌ನ ಒಂದು ಸಾಲು: ನಮ್ಮ ಪ್ರತಿಗೂ ಚೀಟಿ ಅಂಟಿಸಿಕೊಂಡಿದ್ದೇವೆ, ಲೇಖಕರು ತಮ್ಮ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದು ನೋಡಿ ಗೌರವ ಹೆಚ್ಚಿತು. ಪಕ್ಕದ ಮನೆಯವಳಿಂದ ಕಂಪ್ಯೂಟರಿನಲ್ಲಿ ಪಟ್ಟಿ ತೆರೆಸಿ ನೋಡಿದೆ. ಹದಿನಾರಕ್ಕೆ ಹದಿನಾರು. ಸಂತೋಷವಾಯಿತು, ಇಲ್ಲ ಎನ್ನುವುದಿಲ್ಲ. ಹತ್ತನ್ನು ಮರದ ತಟ್ಟೆಯಲ್ಲಿ ಒಂಬತ್ತರ ಪಕ್ಕಕ್ಕೆ ಕೂರಿಸಿ, ಆಯ್ತಪ್ಪ ನಿಂದು ಎಂದೆ.

ಆದರೆ ಟ್ರೆವರ್‌ನ ಆ ಸಾಲು ಊಟ ಮಾಡಿದರೂ ಇಳಿಯಲಿಲ್ಲ. ಲೇಖಕರ ತಪ್ಪಂತೆ. ಮೇಜಿನ ಖಾನೆಯಲ್ಲಿ ಕಂಪನಿಯ ಫಾರಂ ಒಂದು ಉಳಿದಿತ್ತು, ನಾಲ್ಕನೇ ಸಲಕ್ಕೆಂದು ತರಿಸಿಕೊಂಡದ್ದು. ಅದನ್ನು ತೆಗೆದು ತುಂಬಿದೆ. ವಸ್ತು: ತಿದ್ದುಪಡಿ ಚೀಟಿ, ೧೯೮೮. ಈಗಿರುವ ಗುರುತು: ಕ್ಲೈಡ್ ರೈಫ್‌ಸ್ನೈಡರ್‌ನ ಕೈತಪ್ಪು. ಸರಿಯಾದ ಗುರುತು: ಆರ್ಲೀನ್ ರೈಫ್‌ಸ್ನೈಡರ್‌ಳ ಕೈತಪ್ಪು. ಆಧಾರ ಎಂಬಲ್ಲಿ, ಅಂಟಿಸಿದ್ದು ನಾನು, ಕಪ್ಪು ಉಡುಪಿನಲ್ಲಿ, ಅವನು ಬೇಡ ಎಂದರೂ ಕೇಳದೆ, ಎಂದು ಬರೆದೆ. ಸಹಿ ಹಾಕಿ, ಇದನ್ನು ಹೀಗೆಯೇ ಪತ್ರಿಕೆಯಲ್ಲಿ ಹಾಕಬೇಕೆಂದು ಲಮಾರ್‌ಗೆ ಕಳಿಸಿದೆ.

ಎರಡು ದಿನ ಬಿಟ್ಟು ಅವನು ಫೋನು ಮಾಡಿದ. ಸುತ್ತಿ ಬಳಸಿ, ಹವೆ ಚಳಿ ಎಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ.

"ಇದು ಕ್ಲೈಡ್‌ಗೆ ಇಷ್ಟ ಆಗ್ತಿರಲಿಲ್ಲ ಆರ್ಲೀನ್."

"ಇಪ್ಪತ್ತೈದು ವರ್ಷ ಅವನು ನನ್ನನ್ನ ಕೇಳಿದ್ನಾ?" ಎಂದೆ. "ಅಚ್ಚು ಹಾಕು."